ಹಲಗೆಯ ಮೇಲಿನ ತಾರೀಖು

ಪುಣೆಯ ಆ ಬೀಜದ ಕಂಪನಿಯಲ್ಲಿ ನನ್ನದು ಹೇಳಿಕೊಳ್ಳುವಂಥ ಕೆಲಸವೇನಲ್ಲ. ಬೀಜದ ಚೀಲದೊಳಗೆ ಒಂದು ಮಡಚಿದ ಕಾಗದ ಇರುತ್ತದಲ್ಲ, ಯಾವಾಗ ಬಿತ್ತಬೇಕು, ಎಷ್ಟು ಆಳ, ಸಾಲಿಂದ ಸಾಲಿಗೆ ಎಷ್ಟು ಅಂತರ, ಯಾವಾಗ ಕೊಯ್ಯಬೇಕು ಅಂತ, ಅದನ್ನು ಕನ್ನಡದಲ್ಲಿ ಬರೆಯುವವಳು ನಾನು. ಬೆಳಗಾವಿ, ವಿಜಾಪುರ, ಧಾರವಾಡದ ಕಡೆ ಹೋಗುವ ಚೀಲಗಳಲ್ಲಿ ಅದು ಇರುತ್ತಿತ್ತು. ಧಾರವಾಡದಲ್ಲಿ ಕೃಷಿ ಓದಿ, ಮದುವೆಯಾಗಿ ಪುಣೆಗೆ ಬಂದವಳಿಗೆ ತೊಂಬತ್ತರ ದಶಕದಲ್ಲಿ ಸಿಕ್ಕ ನೌಕರಿ. ಮುಂಗಾರಿಗೆ ಸಜ್ಜೆ, ಸೋಯಾ, ಮೆಕ್ಕೆಜೋಳ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋಧಿ. ವರ್ಷಕ್ಕೆರಡು ಸಲ ಅವೇ ವಾಕ್ಯಗಳನ್ನು ಹಿಂದೆ ಮುಂದೆ ಮಾಡಿ ಬರೆಯುವುದು, ಅಚ್ಚಿನವನಿಂದ ಬಂದ ಕರಡು ತಿದ್ದುವುದು, ಮತ್ತೆ ಬರೆಯುವುದು. ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ನನಗೆ ಆ ವಾಕ್ಯಗಳ ಅರ್ಥವೇ ಹೊಳೆಯುತ್ತಿರಲಿಲ್ಲ.

ಅಲ್ಲಿಯತನಕ ನಾನು ಸ್ವಂತ ಕೈಯಿಂದ ಒಂದು ಸಾಲೂ ಬಿತ್ತಿದವಳಲ್ಲ. ಅಪ್ಪ ಕಚೇರಿಯ ಗುಮಾಸ್ತ. ನಮ್ಮ ಮನೆಗೆ ಕಾಳು ಬರುತ್ತಿದ್ದದ್ದು ಸಂತೆಯಿಂದ. ಕಾಲೇಜಿನ ಹೊಲದಲ್ಲಿ ಗುಂಪಾಗಿ ನಿಂತು ಹುಡುಗರು ಕೂರಿಗೆ ಹಿಡಿದಿದ್ದನ್ನು ನೋಡಿ ಪಟ್ಟಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಅಷ್ಟೇ.

ಒಂದು ವರ್ಷ ಬೇಸಿಗೆಯಲ್ಲಿ ರೈತರಿಗೆ ತೋರಿಸಲು ಕಂಪನಿ ಬೆಳೆಸುತ್ತಿದ್ದ ಹೊಲ ನೋಡಿಕೊಳ್ಳುತ್ತಿದ್ದ ಮನುಷ್ಯ ಕೆಲಸ ಬಿಟ್ಟು ಹೋದ. ಸಾಹೇಬರು ನನ್ನನ್ನು ಕರೆದರು. ಅವರು ಬೆಳಗಾವಿ ಕಡೆಯವರು, ಹೊರಗಿನವರ ಜೊತೆ ಮರಾಠಿ, ನನ್ನ ಜೊತೆ ಕನ್ನಡ.

"ಮೇಡಂ, ಶಿರೂರಿನ ಕಡೆ ನಮ್ಮ ಸಜ್ಜಿ ಪ್ಲಾಟ್ ಅದ. ಈ ಹಂಗಾಮು ನೀವ ನೋಡ್ಕೋರಿ. ವಾರಕ್ಕೊಮ್ಮೆ ಹೋಗಿ ಬಂದ್ರ ಆತು."

"ಸರ್, ನಾ ಬರಿಯಾಕಿ. ನನಗ ಹೊಲದ ಕೆಲಸ ಬರಂಗಿಲ್ಲ."

"ಕಾಗದದಾಗ ಇದ್ದಂಗ ಮಾಡ್ರಿ. ನೀವ ಬರದದ್ದಲ್ಲೇನು ಅದು?"

ಹೀಗಾಗಿ ಜೂನ್ ತಿಂಗಳಿಂದ ವಾರಕ್ಕೊಮ್ಮೆ ಶಿವಾಜಿನಗರದ ಸ್ಟ್ಯಾಂಡಿನಿಂದ ಕೆಂಪು ಬಸ್ಸು, ಶಿರೂರಿನಲ್ಲಿ ಇಳಿದು ಟೆಂಪೋ, ಅಲ್ಲಿಂದ ಎರಡು ಮೈಲಿ ನಡಿಗೆ. ನನ್ನ ಗಂಡ ದೌಂಡಿನ ರೈಲ್ವೆಯಲ್ಲಿದ್ದರು, ಅವರೂ ದಿನಾ ಹೋಗಿ ಬರುವವರೇ. ಸಂಜೆ ಇಬ್ಬರೂ ಮನೆಗೆ ಬಂದು ಯಾರು ಕುಕ್ಕರ್ ಇಡಬೇಕು ಅನ್ನುವ ಮಾತನ್ನೂ ಆಡದೆ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತಿರುತ್ತಿದ್ದೆವು.

ಪ್ಲಾಟ್ ಇದ್ದದ್ದು ಒಬ್ಬ ಮುದುಕಿಯ ಜಮೀನಿನಲ್ಲಿ. ರಸ್ತೆಗೆ ಹತ್ತಿದ ಒಂದು ಎಕರೆಯನ್ನು ಕಂಪನಿ ಆ ಹಂಗಾಮಿಗೆ ಗೇಣಿಗೆ ಹಿಡಿದಿತ್ತು. ಬದುವಿನ ಆಚೆಯ ಹೊಲವನ್ನು ಆಕೆಯೇ ಮಾಡುತ್ತಿದ್ದಳು. ಆಕೆಗೂ ನಮ್ಮದೇ ಬೀಜದ ಒಂದು ಚೀಲ ಪುಕ್ಕಟೆ ಕೊಟ್ಟಿದ್ದೆವು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಮತ್ತು ಅಳಿಯ ಅದೇ ಊರಲ್ಲಿದ್ದು ಎತ್ತು, ಕೂರಿಗೆ ತಂದು ಕೊಡುತ್ತಿದ್ದರು. ನಾನು ಆಕೆಯನ್ನು ಆಜಿ, ಅಂದರೆ ಅಜ್ಜಿ, ಅನ್ನುತ್ತಿದ್ದೆ. ಆಕೆ ನನ್ನನ್ನು, ಆ ಕಡೆ ಹೆಂಗಸರನ್ನು ಕರೆಯುವ ಹಾಗೆ, ಬಾಯಿ ಅನ್ನುತ್ತಿದ್ದಳು. ಆಕೆ ಆಡಿದ್ದೆಲ್ಲ ಮರಾಠಿ. ಆದರೆ ಅದು ನನ್ನ ನೆನಪಿನಲ್ಲಿ ನಮ್ಮ ಕಡೆಯ ಕನ್ನಡವಾಗಿಯೇ ಉಳಿದುಬಿಟ್ಟಿದೆ, ಹಾಗೇ ಬರೆಯುತ್ತೇನೆ.

ಮೊದಲ ದಿನವೇ ಆಕೆ ಕೇಳಿದಳು, "ಕಾಗದದಾಗ ಏನ ಬರದೀರಿ, ಓದು."

ನಾನು ಓದಿ ಹೇಳಿದೆ. ಮಿರಗದ, ಅಂದರೆ ಮೃಗಶಿರ ಮಳೆ ಬಿದ್ದ ಮೇಲೆ, ಜೂನ್ ಎರಡನೇ ವಾರದಿಂದ. ಆಳ ಮೂರು ಸೆಂಟಿಮೀಟರ್. ಸಾಲಿಂದ ಸಾಲಿಗೆ ನಲವತ್ತೈದು, ಗಿಡದಿಂದ ಗಿಡಕ್ಕೆ ಹದಿನೈದು.

"ಸೆಂಟಿಮೀಟರ್ ಅಂದ್ರ ಎಷ್ಟು?"

ನಾನು ಮೂರು ಸೆಂಟಿಮೀಟರನ್ನು ಬೆರಳ ಮೇಲೆ ಅಳೆದು ತೋರಿಸಿದೆ. ಆಕೆ ತನ್ನ ಬೆರಳಿನ ಒಂದು ಗೆಣ್ಣು ಮುಟ್ಟಿ ನೋಡಿ, "ಇಷ್ಟ ಹೌದಲ್ಲ, ಮತ್ತ ಹಂಗ ಬರೀಬಾರದ?" ಅಂದಳು.

ಆ ವರ್ಷ ಮಿರಗದ ಮಳೆ ಎರಡು ದಿನ ಜೋರಾಗಿ ಹೊಡೆಯಿತು. ಪುಣೆಯಲ್ಲಿ ರಸ್ತೆಗಳೆಲ್ಲ ನೀರು. ಸಾಹೇಬರು ಮರುದಿನವೇ ಅವಸರ ಮಾಡಿದರು, "ನಡೀರಿ, ಬಿತ್ತಿಸಿ ಬರ್ರಿ. ತಡ ಆಗಬಾರದು." ನಾನು ಹೋದಾಗ ಆಜಿ ಗುದ್ದಲಿ ತಗೊಂಡು ನಮ್ಮ ಎಕರೆಯ ನಡುವೆ ಒಂದು ತೆಗ್ಗು ತೋಡುತ್ತಿದ್ದಳು. ಮೊಣಕೈತನಕ ಕೈ ಇಳಿಸಿ, ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈ ಮೇಲೆ ಹಾಕಿದಳು. ಒಣ ಹಿಟ್ಟಿನ ಹಾಗೆ ಬೆರಳ ಸಂದಿನಿಂದ ಉದುರಿತು.

"ಮ್ಯಾಲ ಹಸಿ, ಒಳಗ ಬೂದಿ," ಅಂದಳು. "ಇದಕ್ಕ ಬಿತ್ತಬ್ಯಾಡ, ಬಾಯಿ. ಇನ್ನೊಂದು ಮಳಿ ಆಗಲಿ."

"ಸಾಹೇಬರು ಇವತ್ತ ಅಂದಾರ, ಆಜಿ."

"ಸಾಹೇಬ ಮಣ್ಣು ನೋಡ್ಯಾನ?"

ನೋಡಿರಲಿಲ್ಲ. ಆದರೆ ನನ್ನ ಕೈಯಲ್ಲಿದ್ದದ್ದು ನಾನೇ ಬರೆದ ಕಾಗದ, ಅದರಲ್ಲಿ ಇದ್ದದ್ದು ಇದೇ ವಾರ. ಬಿತ್ತೋಣ ಅಂದೆ. ಅಳಿಯ ಎತ್ತು ಹೊಡೆದ, ಆಜಿಯೇ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ನಡೆದಳು. ಆಕೆಯ ಮುಷ್ಟಿಯಿಂದ ಕಾಳು ಒಂದೇ ಸಮ ಇಳಿಯುತ್ತಿತ್ತು. ಒಂದು ಸಾಲಿಗೆ ನಾನೇ ಕಾಳು ಬಿಟ್ಟು ನೋಡಿದೆ. ಅದು ಮೊಳೆತಾಗ ಒಂದು ಕಡೆ ಗುಂಪು, ಒಂದು ಕಡೆ ಬಯಲು. ಸಂಜೆ ಹಲಗೆ ನೆಟ್ಟೆವು. ಕಬ್ಬಿಣದ ಎರಡು ಕಾಲು, ಮೇಲೆ ಕಂಪನಿಯ ಹೆಸರು, ತಳಿ, ಬಿತ್ತಿದ ತಾರೀಖು.

ಸಸಿ ಮೇಲೆ ಬಂದವು. ಆಮೇಲೆ ಮೂರು ವಾರ ಬರೀ ಗಾಳಿ. ನಾನು ಹೋದಾಗಲೆಲ್ಲ ಸಸಿಗಳ ತುದಿ ಇನ್ನಷ್ಟು ಬೆಳ್ಳಗಾಗಿರುತ್ತಿತ್ತು. ಕೊನೆಗೆ ಎಳೆದರೆ ಸುಳಿ ಹುಲ್ಲಿನ ಕಡ್ಡಿಯಂತೆ ಕೈಗೆ ಬರುತ್ತಿತ್ತು. ಬದುವಿನಾಚೆಯ ಆಜಿಯ ಹೊಲ ಖಾಲಿ ಬಿದ್ದಿತ್ತು, ಬೀಜದ ಚೀಲ ಇನ್ನೂ ಆಕೆಯ ಮನೆಯ ಅಟ್ಟದ ಮೇಲೆ.

ಪುನರ್ವಸು ಮಳೆ ಎರಡು ದಿನ ಹಿಡಿದು ಹೊಯ್ದ ಮೇಲೆ ಆಕೆ ಮತ್ತೆ ತೆಗ್ಗು ತೋಡಿದಳು. ಈ ಸಲ ಮಣ್ಣು ಉಂಡೆಯಾಯಿತು. ಅವತ್ತೇ ಬಿತ್ತಿದಳು. ನಾನು ಸಾಹೇಬರಿಗೆ ಹೇಳಿದೆ, ನಮ್ಮದನ್ನೂ ಹರಗಿ ಮತ್ತೆ ಬಿತ್ತೋಣ ಅಂತ. ಅವರು ಒಪ್ಪಲಿಲ್ಲ. ಎರಡನೇ ಬಿತ್ತನೆ ಅಂದರೆ ಮೇಲಿನ ಕಚೇರಿಗೆ ಕಾರಣ ಬರೆದು ಕಳಿಸಬೇಕಿತ್ತು. ನಮ್ಮ ಎಕರೆ ಹಾಗೇ ಒಣಗಿ ಉಳಿಯಿತು, ಹಲಗೆ ಮಾತ್ರ ನಿಂತಿತ್ತು.

ನಾನು ವಾರವಾರ ಹೋಗುವುದು ತಪ್ಪಲಿಲ್ಲ, ಹಾಗಾಗಿ ಆಜಿಯ ಹೊಲದಲ್ಲೇ ಕೂತೆ. ಸಸಿ ದಟ್ಟವಾದ ಕಡೆ ಹೆಚ್ಚಿನವನ್ನು ಕೀಳುವ ಕೆಲಸ ನನಗೆ ಕೊಟ್ಟಳು. ಗಟ್ಟಿ ಸಸಿ ಯಾವುದು, ಸೋಲುವ ಸಸಿ ಯಾವುದು ಎಂದು ನೋಡಿ ಕೀಳಬೇಕು. ಅರ್ಧ ದಿನಕ್ಕೆ ಬೆನ್ನು ಹಿಡಿದು ಏಳಲಾಗಲಿಲ್ಲ. "ನಿನ್ನ ಕಾಗದದಾಗ 'ಸಸಿ ತೆಳುಗೊಳಿಸಿ' ಅಂತ ಒಂದ ಸಾಲು ಐತಲ್ಲ," ಅಂತ ಆಜಿ ನಕ್ಕಳು, "ಅದು ಇದ ನೋಡು."

ಸಜ್ಜೆ ಎದೆಯೆತ್ತರ ಬೆಳೆದು ತೆನೆ ಬಿಟ್ಟಾಗ ಸಾಹೇಬರು ಮೊದಲ ಸಲ ಜೀಪಿನಲ್ಲಿ ಬಂದರು. ನಮ್ಮ ಬಯಲು ನೋಡಿದರು, ಬದುವಿನಾಚೆಯ ಹಸಿರು ನೋಡಿದರು. ಆಮೇಲೆ ಹೇಳಿದರು:

"ಹಲಗಿ ಅಲ್ಲಿ ನೆಡ್ರಿ. ಸುತ್ತಿನ ಹಳ್ಳಿಯ ರೈತರನ್ನ ಕರದು ಕ್ಷೇತ್ರೋತ್ಸವ ಮಾಡೂಣು."

"ಸರ್, ತಾರೀಖು..."

"ಬೀಜ ನಮ್ಮದ ಹೌದಲ್ಲರಿ? ಎರಡೂ ಹೊಲ ಆಕೀವ. ಸುಳ್ಳು ಏನದ ಇದರಾಗ?"

ನಾನು ವಾದಿಸಬಹುದಿತ್ತು, ವಾದಿಸಲಿಲ್ಲ. ಬಿಸಿಲಿತ್ತು, ವಾಪಸು ಜೀಪಿನಲ್ಲಿ ಹೋದರೆ ಬಸ್ಸಿನ ಪಾಡು ತಪ್ಪುತ್ತದೆ ಅನ್ನುವ ಆಸೆಯೂ ಇತ್ತು. ಆಜಿಯೂ ನಾನೂ ಸೇರಿ ಹಲಗೆ ಕಿತ್ತು ಬದು ದಾಟಿಸಿದೆವು. ಆಕೆಗೆ ಓದಲು ಬರುತ್ತಿರಲಿಲ್ಲ. ಬರೆದದ್ದೇನು ಅಂತ ಕೇಳಿದಾಗ ನಾನು ಓದಿ ಹೇಳಿದೆ, ತಾರೀಖನ್ನೂ ಬಿಡಲಿಲ್ಲ. ಆಕೆ ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡುತ್ತ, "ಇದು ನನ್ನ ಹೊಲದ್ದಲ್ಲ," ಅಂದಳು.

ಕ್ಷೇತ್ರೋತ್ಸವದ ದಿನ ಮುಂದಕ್ಕೆ ಹೋಗುತ್ತಾ ಹೋಯಿತು. ಇತ್ತ ತೆನೆ ಬಲಿತವು. ಆಜಿ ಒಂದು ಕಾಳು ಬಿಡಿಸಿ, ಬುಡದಲ್ಲಿ ಮೂಡಿದ ಕಪ್ಪು ಚುಕ್ಕೆ ತೋರಿಸಿದಳು. ಹಲ್ಲಿಗೆ ಹಾಕಿ ಕಟಕ್ಕನೆ ಕಡಿದಳು. "ಆತು. ಇನ್ನ ನಿಲ್ಲಸಬಾರದು. ಗುಬ್ಬಿ ಬರ್ತಾವ, ಮಳಿ ಬಂದ್ರ ತೆನಿ ಕಪ್ಪಾಗತದ." ಇನ್ನೂ ಹದಿನೈದು ದಿನ ತಡೆಯಿರಿ ಅಂತ ಸಾಹೇಬರು ಹೇಳಿದ್ದನ್ನು ನಾನು ತಿಳಿಸಿದೆ. ಆಕೆ ನನ್ನ ಮುಖ ನೋಡಿದಳು. ಬೈಗುಳವಾದರೂ ಪರವಾಗಿರಲಿಲ್ಲ, ಅದು ಬರೀ ದಣಿದ ನೋಟ.

ಕೊನೆಗೆ ಆ ದಿನ ಬಂದಾಗ ಎರಡು ಜೀಪು, ಒಂದು ಟ್ರ್ಯಾಕ್ಟರ್ ತುಂಬ ರೈತರು ಬಂದಿಳಿದರು. ಇಡೀ ಹೊಲ ಕೊಯ್ದಾಗಿತ್ತು. ದಂಟು ಕಟ್ಟಿ ಒಟ್ಟಿದ್ದಳು. ಹಲಗೆಯ ಸುತ್ತ ಮಾತ್ರ ನಾಲ್ಕು ಸಾಲು ಸಜ್ಜೆ ನಿಂತಿತ್ತು. ಗುಬ್ಬಿಗಳು ಅದರ ಮೇಲೆ ಮುಗಿಬಿದ್ದಿದ್ದವು.

ಸಾಹೇಬರ ಮುಖ ಬಿಗಿದುಕೊಂಡಿತು. ಆದರೂ ಮಾತು ಶುರು ಮಾಡಿದರು, ತಳಿಯ ಗುಣ, ತೆನೆಯ ಉದ್ದ. ಮುಂದೆ ನಿಂತಿದ್ದ ಒಬ್ಬ ವಯಸ್ಸಾದ ರೈತ ಹಲಗೆ ಓದಿ ಬೆರಳು ಮಡಚಿ ಎಣಿಸಿದ. "ಮಿರಗಕ್ಕ ಬಿತ್ತಿದ್ದು ಅಂತ ಬರದೀರಿ. ಹಂಗಿದ್ರ ಇದು ಇಷ್ಟೊತ್ತಿಗೆ ಕಣಾ ಸೇರಿ ತಿಂಗಳ ಆಗಬೇಕಿತ್ತಲ್ಲ?"

ಸಾಹೇಬರು ನನ್ನ ಕಡೆ ತಿರುಗಿದರು. ಆಜಿ ಒಟ್ಟಿದ ದಂಟಿನ ಪಕ್ಕ ಕೂತಿದ್ದಳು. ನನಗೆ ಧೈರ್ಯ ಬಂತು ಅಂತ ಹೇಳಿದರೆ ಸುಳ್ಳಾದೀತು. ಇನ್ನೊಂದು ಸುಳ್ಳನ್ನು ಹುಡುಕಿ ಹೇಳುವಷ್ಟು ತ್ರಾಣ ಇರಲಿಲ್ಲ, ಅಷ್ಟೇ.

"ಅದು ತಪ್ಪು ತಾರೀಖು," ಅಂದೆ ಮರಾಠಿಯಲ್ಲಿ. "ಮಿರಗಕ್ಕೆ ಬಿತ್ತಿದ್ದು ಆ ಬಯಲು. ಅದು ಒಣಗಿತು. ಇದು ಆಜಿ ಪುನರ್ವಸುವಿಗೆ ಬಿತ್ತಿದ್ದು, ನೆಲ ನೋಡಿ ಬಿತ್ತಿದ್ದು."

ಆಮೇಲೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ರೈತರು ನಗಲಿಲ್ಲ. ತಂದ ಅವಲಕ್ಕಿ ಚಹಾ ಬದಿಗಿಟ್ಟು ಆಜಿಯ ಸುತ್ತ ಕೂತುಬಿಟ್ಟರು. ತೆಗ್ಗು ಎಷ್ಟು ಆಳ, ಎಂಥ ಮಣ್ಣಿಗೆ ಎಷ್ಟು ತಡೆಯಬೇಕು, ತಡವಾದರೆ ಸಜ್ಜೆ ಬದಲು ಏನು. ಕೆಲವರು ನನ್ನನ್ನೂ ಕೇಳಿದರು, ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಎರಡು ತಾಸು ಹೋಯಿತು.

ವಾಪಸು ಬರುವಾಗ ಸಾಹೇಬರು ಜೀಪನ್ನು ಶಿಕ್ರಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರು. ಚಹಾ ಸಾಸರಿಗೆ ಹಾಕಿಕೊಂಡು ಊದುತ್ತ ಒಮ್ಮೆಲೇ ಅಂದರು, "ನಮ್ಮಪ್ಪನೂ ಹಂಗ ಮಣ್ಣು ಹಿಚುಕಿ ನೋಡಾಂವ. ಮಿರಗಕ್ಕ ಎಂದೂ ಬಿತ್ತತಿರಲಿಲ್ಲ."

"ಮತ್ತ ಕಾಗದದಾಗ ಅದನ್ನ ಬರೀಲೇನ್ರಿ ಸರ್?"

"ಕಾಗದಕ್ಕ ತಾರೀಖು ಬೇಕ್ರಿ ಮೇಡಂ. ಮ್ಯಾಲಿನವರಿಗೆ ತೆಗ್ಗು ತೋರಸಾಕ ಆಗೂದಿಲ್ಲ."

ಮರು ಹಂಗಾಮಿನಿಂದ ನನ್ನನ್ನು ಹೊಲಕ್ಕೆ ಕಳಿಸಲಿಲ್ಲ. ಶಿಕ್ಷೆ ಅಂತ ಯಾರೂ ಹೇಳಲಿಲ್ಲ. ನನಗೂ ಒಂದು ರೀತಿ ಹಗುರವೇ ಆಯಿತು. ಮತ್ತೆ ಕುರ್ಚಿ, ಮತ್ತೆ ಕರಡು. ಕನ್ನಡ ಕಾಗದವನ್ನು ಮೇಲಿನ ಕಚೇರಿಯಲ್ಲಿ ಓದಬಲ್ಲವರು ಇರಲಿಲ್ಲ. ಒಂದು ವರ್ಷ ಸಾಹೇಬರು ಸಹಿ ಮಾಡುವಾಗ ತಾರೀಖಿನ ಕೆಳಗೆ ನಾನು ಸೇರಿಸಿದ ಸಾಲನ್ನು ನೋಡಿದರು: ಬಿತ್ತುವ ಮೊದಲು ಮೊಣಕೈ ಆಳ ತೆಗ್ಗು ತೋಡಿ, ಕೆಳಗಿನ ಮಣ್ಣು ಉಂಡೆಯಾದರೆ ಮಾತ್ರ ಬಿತ್ತಿರಿ. ಪೆನ್ನು ಹಿಡಿದುಕೊಂಡು ಅದನ್ನು ಎರಡು ಸಲ ಓದಿದರು, ಹೊಡೆದು ಹಾಕಲಿಲ್ಲ. ಅವರು ನಿವೃತ್ತರಾಗುವತನಕ ಆ ಸಾಲು ಅಚ್ಚಾಯಿತು. ಅದನ್ನು ಓದಿ ಯಾರಾದರೂ ತೆಗ್ಗು ತೋಡಿದರೋ ಇಲ್ಲವೋ ನನಗೆ ಎಂದೂ ತಿಳಿಯಲಿಲ್ಲ. ಆಮೇಲೆ ಹೊಸಬರು ಬಂದು ಕಾಗದವನ್ನೇ ನಿಲ್ಲಿಸಿದರು. ಚೀಲದ ಬೆನ್ನ ಮೇಲೆ ಸಣ್ಣ ಅಕ್ಷರದ ಕೋಷ್ಟಕ ಬಂತು. ನನಗೆ ಕೆಲಸ ಉಳಿಯಲಿಲ್ಲ, ಬಿಟ್ಟೆ.

ಬಿಟ್ಟ ಮೇಲೆ ಒಮ್ಮೆ, ಎರಡು ಸಾವಿರದ ಇಸವಿಯ ಆಚೆ, ನಾನಾಗಿಯೇ ಆ ಊರಿಗೆ ಹೋದೆ. ಬಾವಿ ತೋಡಿಸಿ ಅಳಿಯ ಈರುಳ್ಳಿ ಹಾಕಿದ್ದ. ಆಜಿಯ ಮೊಣಕಾಲು ಕೆಟ್ಟಿದ್ದವು, ಕಣ್ಣಿಗೆ ಮಬ್ಬು. ನನ್ನ ದನಿಯಿಂದ ಗುರುತು ಹಿಡಿದಳು. ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಅಂಗೈ ಸವರಿ ನೋಡಿ, "ಇನ್ನೂ ಮೆತ್ತಗ ಐತಿ," ಅಂದಳು. ಮಗಳು ಸಜ್ಜೆ ರೊಟ್ಟಿ, ಹಸಿ ಈರುಳ್ಳಿ, ಶೇಂಗಾ ಚಟ್ನಿ ಕೊಟ್ಟಳು. ಸಜ್ಜೆ ಈಗ ಪ್ಯಾಟಿಯಿಂದ ತರುತ್ತೇವೆ, ಮನೆಯದರಂತೆ ಅಲ್ಲ ಅಂತ ಹೇಳಿದಳು. ಆಜಿ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋದಳು. ಎಬ್ಬಿಸುವುದು ಬೇಡ ಅಂತ ಮಗಳಿಗೆ ಹೇಳಿ ಎದ್ದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಣ್ಣು ತೆರೆದಾಗ ಬಸ್ಸು ಖಾಲಿಯಾಗಿತ್ತು, ಕಂಡಕ್ಟರ್ ಟಿಕೀಟಿನ ಪೆಟ್ಟಿಗೆಯಿಂದ ಸೀಟು ತಟ್ಟುತ್ತಿದ್ದ. "ಇಳೀರಿ ಬಾಯಿ, ಶಿವಾಜಿನಗರ ಬಂತು."