ಕ್ಲಚ್ಚಿಗೆ ಮತ್ತೆ ಸೇರಿದ ಗಾಳಿ

ಇವತ್ತು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ವಾಸನೆ ಮೂಗಿಗೆ ಬಡಿದು, ಚಿಕ್ಕಂದಿನಲ್ಲಿ ಪೀಣ್ಯದಲ್ಲಿದ್ದ ನಮ್ಮ ಕಾರು ರಿಪೇರಿ ಶೆಡ್ಡು ನೆನಪಾಯಿತು.

ಕ್ಲಚ್ಚಿನ ಪೈಪಿನಿಂದ ಗಾಳಿ ತೆಗೆಯುವಾಗ ಅಪ್ಪ ಕಾರಿನ ಕೆಳಗೆ, ಅಮ್ಮ ಪೆಡಲೊತ್ತಲು ಒಳಗೆ, ನಾನು ಬಾನೆಟ್ ಪಕ್ಕ ಹೊರಗೆ. ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ತೀರದಂತೆ ಸುರಿಯುವುದು ನನ್ನ ಕೆಲಸ. ತೀರಿದರೆ ಮತ್ತೆ ಗಾಳಿ ಸೇರುತ್ತದೆ; ಅಪ್ಪ ಹೇಳುವ ಮೊದಲೇ ಅಮ್ಮ ಪೆಡಲಿನಿಂದ ಕಾಲೆತ್ತಿದರೂ ಅಷ್ಟೇ.

ಒಂದು ದಿನ ರಸ್ತೆಗೆ ಕೋತಿ ಆಡಿಸುವವನು ಬಂದ. ನಾನು ಅತ್ತ ಓಡಿದೆ, ಡಬ್ಬಿ ಬರಿದಾಯಿತು.

"ಥೂ, ಮತ್ತೆ ಗಾಳಿ! ಹೇಳೋಕ್ ಮುಂಚೆ ಕಾಲೆತ್ತಿದ್ಯಾ? ನಿನ್ ಕಾಲಿಗಿಂತ ಮೇಜಿನ ಕಾಲು ವಾಸಿ ಕಣೇ!" ಎಂದ ಅಪ್ಪ, ಎದ್ದು ಬಂದು ಅಮ್ಮನ ಪಾದಕ್ಕೆ ಸ್ಪ್ಯಾನರಿನಿಂದ ಹೊಡೆದ. ಪಕ್ಕದಲ್ಲಿ ನಿಂತಿದ್ದ ಕಾರಿನ ಯಜಮಾನ ನಕ್ಕ. ನಾನು ಸದ್ದಿಲ್ಲದೆ ಬಂದು ಡಬ್ಬಿ ತುಂಬಿಸಿದೆ.

ಇಂದು ಮನೆಗೆ ಬಂದವನೇ ಅಮ್ಮನೆದುರು ತಪ್ಪೊಪ್ಪಿಕೊಂಡೆ. ಕುಂಟುತ್ತ ಕಾಫಿ ತಂದಿಟ್ಟಳು.

"ನೀನು ಕೋತಿ ನೋಡೋಕ್ ಹೋಗಿದ್ದು ಗೊತ್ತಿತ್ತು ಕಣೋ. ಅವತ್ತೇ ಬಾಯಿ ಬಿಡ್ತೀಯೇನೋ ಅಂತ ನಿನ್ನನ್ನೇ ನೋಡ್ತಿದ್ದೆ."