ಕೋಡಿಹಳ್ಳಿಯಿಂದ ಬಂದ ಸಹಿ

ಮದುವೆಯಾಗಿ ಸೋಲೂರಿನಿಂದ ರಾಮನಗರಕ್ಕೆ ಬಂದ ಅಮ್ಮ ಒಂಬತ್ತು ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದವಳು. ಅಪ್ಪ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕಿದ್ದರು. ಕೆಲಸದ ಜಾಗ ಬದಲಾದಾಗಲೆಲ್ಲ ನಮ್ಮ ಮನೆಯೂ ಬದಲಾಗುತ್ತಿತ್ತು. ನನಗೆ ತಿಳಿವಳಿಕೆ ಬಂದ ಮೇಲಿನ ಮನೆಗಳನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದೆ ಇದ್ದದ್ದು, ಐದು ಸಂಸಾರಕ್ಕೆ ಒಂದೇ ನಲ್ಲಿ ಇದ್ದ ವಠಾರ, ಬೇಯಿಸಿದ ಗೂಡಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿದ್ದ ಮನೆ. ಸಾಮಾನು ಕಟ್ಟುವುದರಲ್ಲಿ ಅಮ್ಮನ ಕೈ ಪಳಗಿಹೋಗಿತ್ತು. ದೊಡ್ಡ ಪಾತ್ರೆಯೊಳಗೆ ಸಣ್ಣ ಪಾತ್ರೆ, ಅದರೊಳಗೆ ಲೋಟ, ಲೋಟದೊಳಗೆ ಚಮಚ, ಸುತ್ತ ಹಳೆಯ ಸೀರೆ. ಬೆಳಿಗ್ಗೆ ತಿಂಡಿ ತಿಂದ ಮನೆ ಬೇರೆ, ಸಂಜೆ ದೀಪ ಹಚ್ಚಿದ ಮನೆ ಬೇರೆ. ಬಿಟ್ಟ ಮನೆಗಾಗಿ ಅತ್ತ ನೆನಪು ನನಗಿಲ್ಲ. ಹೊಸ ಮನೆಯ ಅಟ್ಟದ ಮೇಲೆ ಏನಿರಬಹುದು ಎಂಬ ಕುತೂಹಲವೇ ಹೆಚ್ಚಾಗಿತ್ತು.

ಓದು ಮುಗಿಸಿ ಚನ್ನಪಟ್ಟಣದ ಶಾಲೆಯೊಂದರಲ್ಲಿ ಟೀಚರಾದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಜೊತೆಗೆ ಕರೆದುಕೊಂಡು ಬಂದೆ. ಬೊಂಬೆ ಮಾಡುವವರ ಬೀದಿಯಲ್ಲಿ ಸಣ್ಣದೊಂದು ಮನೆ ಹಿಡಿದೆವು. ಹಗಲೆಲ್ಲ ಯಂತ್ರದ ಮೇಲೆ ಮರ ತಿರುಗುವ ಸದ್ದು, ಬಣ್ಣದ ಅರಗಿನ ಬಿಸಿ ವಾಸನೆ. ಆ ಮನೆಯಲ್ಲಿ ಏಳು ವರ್ಷ ಇದ್ದೆವು. ಆಮೇಲೆ ಮಾಲೀಕರ ಮಗನಿಗೆ ಮದುವೆ ಗೊತ್ತಾಯಿತು, ಮನೆ ಬಿಡಬೇಕಾಯಿತು. ಅಮ್ಮ ಅಟ್ಟದಿಂದ ಹಳೆಯ ಸೀರೆಗಳನ್ನು ಇಳಿಸತೊಡಗಿದಳು. ಅವಳ ಮಂಡಿ ಸರಿಯಾಗಿ ಬಗ್ಗುತ್ತಿರಲಿಲ್ಲ. ಏಣಿಯ ಮೇಲೆ ನಿಂತ ಅವಳನ್ನು ನೋಡಿ ನಾನು ಹೇಳಿಬಿಟ್ಟೆ, "ಇನ್ನೊಂದು ಸಲ ಕಟ್ಟೋದು ಬೇಡಮ್ಮ. ಈ ಸಲ ಕೊಂಡ್ಕೊಳ್ಳೋಣ."

ಮನೆ ಕೊಳ್ಳುವುದೆಂದರೆ ಏನು ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ನಮಗೆ ಬರುತ್ತಿದ್ದದ್ದು ಬಾಡಿಗೆ ಮನೆ ನೋಡುವ ವಿದ್ಯೆ ಮಾತ್ರ. ಬೆಳಕು ಬರುತ್ತದೆಯೇ, ಮಾಲೀಕರ ಹೆಂಡತಿ ಜೋರೇ, ಬಸ್ ಸ್ಟಾಂಡು ಎಷ್ಟು ದೂರ. ಅಷ್ಟೇ ನೋಡಿಕೊಂಡು ದೊಡ್ಡಮಳೂರಿನ ಒಂದು ಮನೆಯನ್ನು ಮೆಚ್ಚಿಬಿಟ್ಟೆವು. ದೇವಸ್ಥಾನದಿಂದ ಎರಡು ಬೀದಿ ಹಿಂದೆ, ಮುಂದೆ ಜಗಲಿ, ಒಳಗೆ ನಡುಮನೆ, ಪಕ್ಕದಲ್ಲಿ ಎರಡು ಕೋಣೆ, ಹಿಂದೆ ಒಂದಿಷ್ಟು ಹಿತ್ತಲು. ಮಾರುವವರು ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದ ಐವತ್ತು ದಾಟಿದ ಗಂಡಸು. ಮಿಲ್ಲಿನ ಮೇಲೆಯೇ ಹೊಸ ಮನೆ ಕಟ್ಟಿಕೊಂಡಿದ್ದರಿಂದ ತಂದೆಯ ಕಾಲದ ಈ ಮನೆ ಅವರಿಗೆ ಬೇಕಿರಲಿಲ್ಲ. ಅಮ್ಮ ಅಡುಗೆಮನೆಯ ನಡುವೆ ನಿಂತು, "ಅಕ್ಕಿ ಡಬ್ಬ ಇಲ್ಲಿ, ರಾಗಿ ಹಿಟ್ಟಿನ ಡಬ್ಬ ಅಲ್ಲಿ" ಎಂದು ಕೈ ತೋರಿಸಿದಳು. ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ಮುಗಿದಿತ್ತು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಯಸ್ಸಾದ ಸಾಹೇಬರೊಬ್ಬರಿದ್ದರು. ಅವರ ಅಣ್ಣತಮ್ಮಂದಿರೆಲ್ಲ ಬೊಂಬೆ ಕೆಲಸದವರು. ಇವರೊಬ್ಬರು ಮಾತ್ರ ಲೇಖನಿ ಹಿಡಿದು, ನೋಂದಣಿ ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆಯುತ್ತಾ ಆಯುಷ್ಯ ಕಳೆದವರು. ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಕಂಪ್ಯೂಟರ್ ಬಂದು ಕೈಬರಹ ನಿಂತ ಮೇಲೂ, ಬೆಳಗಾದರೆ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು ಟೈಪಿಂಗ್ ಅಂಗಡಿಯ ಮೂಲೆಯ ಕುರ್ಚಿಗೆ ಹೋಗಿ ಕೂರುತ್ತಿದ್ದರು. ಕೇಳಿದವರಿಗೆ ಕಾಗದ ಓದಿ ಹೇಳುತ್ತಿದ್ದರು. ನಾನೂ ಒಂದು ಸಂಜೆ ಮನೆಯ ಕಾಗದಗಳ ಜೆರಾಕ್ಸ್ ಹಿಡಿದು ಅವರ ಮುಂದೆ ನಿಂತೆ.

ಅವರು ಕಾಗದ ಮುಟ್ಟಲೇ ಇಲ್ಲ. "ಮಳೆ ಬಂದಾಗ ಆ ಮನೆ ನೋಡಿದ್ಯೇನಮ್ಮ?" ಎಂದರು.

"ಇಲ್ಲ ಸಾಹೇಬ್ರೇ."

"ನೀರು ಬಿಡೋ ದಿನ ಹೋಗಿದ್ಯಾ?"

"ಇಲ್ಲ."

"ಅಕ್ಕಪಕ್ಕದವರ ಜೊತೆ ಮಾತಾಡಿದ್ಯಾ?"

"ಮಾರೋರ ಜೊತೆ ಮಾತಾಡಿದೀನಿ. ತುಂಬಾ ಒಳ್ಳೆಯವರು."

ಸಾಹೇಬರು ನಕ್ಕುಬಿಟ್ಟರು. "ಮಾರೋನ ಹತ್ರ ಮನೆ ವಿಚಾರಿಸೋದೂ ಒಂದೇ, ಮದ್ವೆ ಬ್ರೋಕರ್ ಹತ್ರ ಗಂಡಿನ ವಿಚಾರ ಕೇಳೋದೂ ಒಂದೇ ಕಣಮ್ಮ. ಎಲ್ಲಾ ಚೆನ್ನಾಗೇ ಇರ್ತದೆ. ಭಾನುವಾರ ನಾನೇ ಬತ್ತೀನಿ, ನಡಿ."

ಭಾನುವಾರ ಆಟೋದಲ್ಲಿ ಬಂದರು, ಕೈಯಲ್ಲಿ ಅಳತೆಯ ಟೇಪು. ಪತ್ರದಲ್ಲಿ ಚೆಕ್ಕುಬಂದಿ ಎಂದು ನಾಲ್ಕು ಸಾಲು ಇರುತ್ತದೆ, ಮನೆಯ ಯಾವ ದಿಕ್ಕಿಗೆ ಏನಿದೆ ಎಂದು ತಿಳಿಸುವ ಸಾಲುಗಳು. ನನ್ನಿಂದ ಅದನ್ನು ಜೋರಾಗಿ ಓದಿಸಿದರು. "ಪೂರ್ವಕ್ಕೆ ರಸ್ತೆ" ಎಂದಾಗ ರಸ್ತೆಯ ಕಡೆ ತಿರುಗಿ ನಿಂತು, "ಐತೆ, ಮುಂದಕ್ಕೆ" ಎನ್ನುತ್ತಿದ್ದರು. ನಾಲ್ಕು ದಿಕ್ಕೂ ಹೀಗೇ ಆಯಿತು. ಟೇಪಿನ ಒಂದು ತುದಿ ಹಿಡಿದು ನಾನು ಗೋಡೆಯಿಂದ ಗೋಡೆಗೆ ಓಡಾಡಿದೆ. ಶಾಲೆಯಲ್ಲಿ ಮಕ್ಕಳಿಗೆ ಉದ್ದ ಅಗಲ ಕಲಿಸುವ ನನಗೆ, ಒಂದು ಜಾಗವನ್ನು ಅಳೆದು ನೋಡುವುದು ಎಂದರೆ ಏನೆಂದು ಅವತ್ತೇ ಗೊತ್ತಾಗಿದ್ದು. ನೆರಿಗೆ ಬಿದ್ದ ಕೈಯಿಂದ ಸಾಹೇಬರು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರು. ತೇವ ಎಲ್ಲಿಯವರೆಗೆ ಏರಿದೆ ಎಂದು ಸುಣ್ಣದ ಬಣ್ಣ ನೋಡಿ ಹೇಳಿದರು.

ಪಕ್ಕದ ಮನೆಯ ಜಗಲಿಯಲ್ಲಿ ಮುದುಕಿಯೊಬ್ಬರು ಅವರೆಕಾಯಿ ಬಿಡಿಸುತ್ತಿದ್ದರು. ಸಾಹೇಬರು ಅವರ ಹತ್ತಿರ ಕೂತು, ಕಾಯಿಯ ರೇಟು, ಮಂಡಿನೋವು, ಮೊಮ್ಮಕ್ಕಳು ಎಲ್ಲ ವಿಚಾರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲವ್ವ, ಈ ಮನೇಲಿ ಎಷ್ಟು ಮಕ್ಳು ಹುಟ್ಟಿದ್ರು?"

"ಎಲ್ಡು. ಮಿಲ್ಲಿನೋನು ದೊಡ್ಡೋನು. ಆಮೇಲೆ ಒಂದು ಹೆಣ್ಮಗ ಐತಲ್ಲ, ಕೋಡಳ್ಳಿ ಕಡೆ ಕೊಟ್ಟವ್ರೆ."

ಮಾರುವವರು ಕೊಟ್ಟಿದ್ದ ಕುಟುಂಬದ ಪಟ್ಟಿಯಲ್ಲಿ ತಂದೆ, ತಾಯಿ, ಒಬ್ಬ ಮಗ, ಇಷ್ಟೇ ಇತ್ತು. ಸಾಹೇಬರು ಆ ಹಾಳೆಯನ್ನು ತೆಗೆದು ನನ್ನ ಮುಂದೆ ಹಿಡಿದರು. ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನ ಶಾಲೆ ಬಿಟ್ಟ ಮೇಲೆ ನಾನು ಮಿಲ್ಲಿಗೆ ಹೋದೆ. ತಂಗಿಯ ವಿಷಯ ಎತ್ತಿದ ಕೂಡಲೇ ಮಿಲ್ಲಿನವರ ಮುಖ ಗಂಟಾಯಿತು.

"ಅವ್ಳು ಈ ಕಡೆ ತಲೆ ಹಾಕಿ ಎಷ್ಟೋ ವರ್ಷ ಆಯ್ತು ಮೇಡಂ. ನಮ್ಗೂ ಅವ್ಳಿಗೂ ಮಾತಿಲ್ಲ. ಇಲ್ದೆ ಇರೋದ್ನ ಯಾಕ್ ಕೆದಕ್ತೀರಾ? ತಗೊಳೋರು ಬೇರೇರೂ ಅವ್ರೆ."

ಬೇರೆಯವರು ಇದ್ದಾರೆ ಎಂಬ ಮಾತಿಗೆ ನಾನು ಹೆದರಿಬಿಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ಸೀದಾ ಸಾಹೇಬರ ಮನೆಗೆ ಹೋಗಿ, "ಮದುವೆ ಮಾಡಿ ಕಳಿಸಿದ ಹೆಣ್ಣುಮಗಳು, ಮಾತೂ ಬಿಟ್ಟಿದ್ದಾರೆ. ಅವರ ಸಹಿ ಇಲ್ಲದೆ ಆಗಲ್ವಾ?" ಎಂದು ಕೇಳಿದೆ. ಒಬ್ಬಳೇ ದುಡಿದು ಮನೆ ಮಾಡಲು ಹೊರಟ ಹೆಂಗಸು ನಾನು, ಇನ್ನೊಬ್ಬ ಹೆಂಗಸಿನ ಪಾಲನ್ನು ದಾಟಿ ಹೋಗಲು ದಾರಿ ಕೇಳುತ್ತಿದ್ದೆ. ಆಗ ಅದು ನನಗೆ ಹೊಳೆಯಲಿಲ್ಲ.

ಸಾಹೇಬರ ಹೆಂಡತಿ ಚಹಾ ತಂದಿಟ್ಟರು.

"ಕಾನೂನಿನಲ್ಲಿ ಮಗಳಿಗೂ ಪಾಲು ಐತೆ, ಅದು ನಿಂಗೆ ಸಾಲ ಕೊಡೋ ಬ್ಯಾಂಕಿನೋರೂ ಹೇಳ್ತಾರೆ. ನಾನು ಬೇರೆ ಹೇಳ್ತೀನಿ, ಕೇಳು," ಎಂದರು ಸಾಹೇಬರು. "ನಾನು ಹೊಸದಾಗಿ ಕೆಲಸಕ್ಕೆ ಕೂತಿದ್ದ ಕಾಲ. ಒಬ್ಬ ಬಂದು, ಅಪ್ಪನ ಮನೆಗೆ ತಾನೊಬ್ನೇ ವಾರಸುದಾರ ಅಂತ ಪತ್ರ ಬರ್ಸಿದ. ಅವನಿಗೊಬ್ಳು ತಂಗಿ ಇರೋದು ನಂಗೆ ಗೊತ್ತಿತ್ತು, ನಮ್ಮ ಬೀದಿಯಲ್ಲೇ ಬೆಳೆದ ಹುಡುಗಿ. ಆದ್ರೂ ಬರ್ಕೊಟ್ಟೆ. ಒಂದು ದಿನ ಆ ಹುಡುಗಿ ಕಂಕುಳಲ್ಲಿ ಕೂಸು ಇಟ್ಕೊಂಡು ನನ್ನ ಮೇಜಿನ ಮುಂದೆ ಬಂದು ನಿಂತ್ಕೊಂಡ್ಳು. ಬೈಲಿಲ್ಲ, ಅಳ್ಲಿಲ್ಲ. 'ನೀವು ಬರೆದಿದ್ದಂತೆ, ತೋರ್ಸಿ' ಅಂದ್ಳು. ತೋರ್ಸಿದೆ. ಓದೋಕೆ ಬರ್ತಿರ್ಲಿಲ್ಲ ಅವಳಿಗೆ. ಅಕ್ಷರದ ಮೇಲೆ ಬೆರಳಾಡಿಸಿ, 'ಚೆನ್ನಾಗಿ ಬರ್ದಿದೀರ' ಅಂದು ಹೋದ್ಳು."

ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಕೋಡಿಹಳ್ಳಿಗೆ ಹೋಗಿ ಬಾ ಮಗಾ. ಅವಳು ಬೇಡ ಅಂದ್ರೆ ಆ ಮನೆ ನಿಂಗೆ ಬೇಡ."

ಮುಂದಿನ ರಜಾದಿನ ಅಮ್ಮನೂ ನಾನೂ ಹೊರಟೆವು. ಸಾತನೂರಿನ ಮೇಲೆ ಕನಕಪುರ, ಅಲ್ಲಿಂದ ಇನ್ನೊಂದು ಬಸ್ಸು. ಇಳಿದು ವಿಚಾರಿಸಿಕೊಂಡು ಹೋದಾಗ ಆಕೆ ಕೊಟ್ಟಿಗೆ ತೊಳೆಯುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗಟ್ಟಿ ಆಳು. ದೊಡ್ಡಮಳೂರಿನಿಂದ ಬಂದಿದ್ದೇವೆ ಅಂದದ್ದೇ ತಡ, ಕೈಯಲ್ಲಿದ್ದ ಪೊರಕೆ ನಿಂತಿತು.

"ಅವ್ನು ಕಳ್ಸಿದ್ನಾ?"

"ಇಲ್ಲ. ನಾವಾಗೇ ಬಂದ್ವಿ. ಆ ಮನೆ ತಗೋಬೇಕು ಅಂತಿದೀವಿ. ನಿಮ್ಮನ್ನ ಕೇಳದೆ ತಗೊಳ್ಳೋದು ಸರಿಯಲ್ಲ ಅನ್ನಿಸ್ತು."

ಆಕೆ ನಮ್ಮನ್ನು ಒಳಗೆ ಕರೆದು ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಆಮೇಲೆ ಕೇಳಿದ್ದೇ ಬೇರೆ. "ಹಿತ್ತಲಲ್ಲಿ ನುಗ್ಗೆಮರ ಐತಾ?"

ಇಲ್ಲ, ಆ ಜಾಗದಲ್ಲಿ ಬಚ್ಚಲುಮನೆ ಕಟ್ಟಿದ್ದಾರೆ ಎಂದೆ. ತಲೆಯಾಡಿಸಿದರು. ಜಗಲಿ ಕಂಬ, ನಡುಮನೆಯ ಗೂಡು, ಬಾಗಿಲ ಚಿಲುಕ, ಒಂದೊಂದನ್ನೇ ಕೇಳಿದರು. ನನಗೆ ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದನ್ನು ಅವರೇ ಹೇಳಿದರು. ಮಾತಿನ ನಡುವೆ ತಟ್ಟನೆ, "ಅಡುಗೆಮನೆ ಪಕ್ಕದ ಕೋಣೇಲಿ ಹಗೇವು ಐತೆ, ಅದ್ನ ಹೇಳಿದ್ನಾ ನಿಮ್ಗೆ?" ಎಂದರು.

ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಆಳದ ಗುಂಡಿಯೇ ಹಗೇವು. ತಂದೆಯ ಕಾಲದಲ್ಲಿ ಬಾಯಿಗೆ ಚಪ್ಪಡಿ ಮುಚ್ಚಿ ಮೇಲೆ ಗಾರೆ ಬಳಿದಿದ್ದರಂತೆ, ಒಳಗೆ ತುಂಬಿಸಿರಲಿಲ್ಲ. "ಮಳೆಗಾಲದಲ್ಲಿ ಕೆಳಗೆ ನೀರು ನಿಲ್ತದೆ. ಅಲ್ಲಿ ಭಾರ ಇಡಬ್ಯಾಡಿ, ಕುಸಿದೋಯ್ತದೆ." ನಾನು ನನ್ನ ಪುಸ್ತಕದ ಬೀರುವನ್ನು ಇಡಬೇಕೆಂದಿದ್ದ ಜಾಗ ಅದೇ. ಯಾವ ಕಾಗದದಲ್ಲೂ ಇಲ್ಲದ ಸಂಗತಿ ಆ ನೆಲದ ಮೇಲೆ ಆಡಿ ಬೆಳೆದವಳ ಬಾಯಿಂದ ಬಂತು.

ಸಹಿಯ ಮಾತು ಎತ್ತಿದ್ದು ಅಮ್ಮ. ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ಅವ್ವ ಸತ್ತ ದಿನ ಫೋನ್ ಬಂದಾಗ ಹಾಲು ಕರೀತಿದ್ದೆ ಕಣಮ್ಮ. ಹಂಗೇ ಎದ್ದು ಓಡ್ದೆ. ಎಲ್ಡು ಬಸ್ ಹಿಡ್ಕಂಡು ಹೋಗೋ ಹೊತ್ಗೆ ಮಣ್ಣು ಮಾಡ್ಬುಟ್ಟಿದ್ರು. ಒಂದು ಗಂಟೆ ಕಾದಿದ್ರೆ ಮುಖ ನೋಡ್ತಿದ್ದೆ. ಸಹಿ ಹಾಕ್ತೀನಿ. ಆದ್ರೆ ಆ ಒಂದು ಗಂಟೆ ಯಾಕ್ ಕಾಯ್ಲಿಲ್ಲ ಅಂತ ಅವ್ನೇ ಬಂದು ಹೇಳ್ಬೇಕು."

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, ಸಾತನೂರು ದಾಟಿದ ಮೇಲೆ, "ಈ ಮನೆ ಸಿಗ್ದಿದ್ರೂ ಪರವಾಗಿಲ್ಲ ಕಣವ್ವ, ಬಂದಿದ್ದು ಒಳ್ಳೇದಾಯ್ತು" ಎಂದಳು.

ಮಿಲ್ಲಿನವರಿಗೆ ಹೋಗಿ ಹೇಳಿದೆ. ತಂಗಿ ಹೇಳಿದ ಮಾತನ್ನು ಒಂದಕ್ಷರ ಬದಲಿಸದೆ ಹೇಳಿದೆ. ಅವರು ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಿದರು. ರೆಪ್ಪೆಯ ಮೇಲೆಲ್ಲ ಹಿಟ್ಟು.

"ಮಳೆ ಕವ್ಚಿಕೊಂಡಿತ್ತು ಮೇಡಂ. ದೊಡ್ಡೋರೆಲ್ಲ ಅವಸರ ಮಾಡಿದ್ರು. ನಂಗೆ ತಲೇನೇ ಓಡ್ಲಿಲ್ಲ. ಅವ್ಳು ಬಂದು ನನ್ನ ಮುಖ ನೋಡ್ದಾಗ ಗೊತ್ತಾಯ್ತು, ಏನ್ ಮಾಡ್ಬುಟ್ಟೆ ಅಂತ. ಆಮೇಲೆ ಹೋಗಿ ಮಾತಾಡ್ಸೋಕೆ ಮುಖ ಇರ್ಲಿಲ್ಲ."

"ಇದನ್ನೇ ಅವರಿಗೆ ಹೇಳಿ" ಎಂದೆ. ಅವರು ಮತ್ತೆ ಯಂತ್ರ ಚಾಲೂ ಮಾಡಿದರು. ನಾನು ಬೇರೆ ಮನೆ ಹುಡುಕಬೇಕೆಂದುಕೊಂಡೇ ಬಂದೆ.

ಹದಿನೈದು ದಿನ ಕಳೆದಿರಬೇಕು. ಪಾಠದ ನಡುವೆ ಫೋನು ಬಂತು. ಕೋಡಿಹಳ್ಳಿಯವರು. "ಅವ್ನು ಬಂದಿದ್ದ ಕಣ್ರೀ ಮೇಡಂ" ಎಂದರು. ಆಮೇಲೆ, "ಮುದ್ದೆ ಉಂಡ್ಕಂಡು ಹೋದ" ಎಂದರು. ಸಹಿ ಹಾಕಲು ಯಾವತ್ತು ಬರಬೇಕು ಎಂದು ಕೇಳಿದರು.

ಮಿಲ್ಲಿನವರು ತಂಗಿಯ ಹೆಸರು ಸೇರಿಸಿ ಕುಟುಂಬದ ಪಟ್ಟಿಯನ್ನು ಹೊಸದಾಗಿ ಮಾಡಿಸಿದರು. ಆಕೆಯ ಪಾಲು ಆಕೆಯ ಖಾತೆಗೇ ಹೋಗಬೇಕೆಂದು ಸಾಹೇಬರು ನಿಂತು ಬರೆಸಿದರು. ನೋಂದಣಿಯ ದಿನ, ಟೈಪಾಗಿ ಬಂದ ಪತ್ರವನ್ನು ಸಾಹೇಬರು ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಈಗ ಯಾರೂ ಹಾಗೆ ಓದಿ ಹೇಳುವುದಿಲ್ಲ, ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಅಣ್ಣನ ಹೆಸರಿನ ಕೆಳಗೆ ತನ್ನ ಹೆಸರು ಬಂದಾಗ ಆಕೆ, "ಇನ್ನೊಂದ್ಸಲ ಓದಿ" ಎಂದರು. ಸಾಹೇಬರು ಓದಿದರು. ಕ್ಯಾಮೆರಾದ ಮುಂದೆ ಕೂರುವಾಗ ಆಕೆ ಸೆರಗು ಸರಿಮಾಡಿಕೊಂಡರು. ಸಹಿ ಹಾಕುವಾಗ ಒಂದೊಂದು ಅಕ್ಷರಕ್ಕೂ ಪೆನ್ನು ಎತ್ತಿ ಎತ್ತಿ ಇಟ್ಟರು.

ಅಲ್ಲಿಂದ ಎಲ್ಲರೂ ದೊಡ್ಡಮಳೂರಿಗೆ ಹೋದೆವು. ಅಣ್ಣ ಬೀಗ ತೆಗೆದು ಹೊರಗೇ ನಿಂತರು, ತಂಗಿ ಒಳಗೆ ಹೋದರು. ನಾವು ಯಾರೂ ಹಿಂದೆ ಹೋಗಲಿಲ್ಲ. ಕೋಣೆಯಿಂದ ಕೋಣೆಗೆ ಬರಿಗಾಲಿನ ಸದ್ದು ಕೇಳುತ್ತಿತ್ತು. ಹಿತ್ತಲ ಬಾಗಿಲು ತೆರೆದು ಮುಚ್ಚಿತು. ಹೊರಗೆ ಬಂದಾಗ ಆಕೆಯ ಕಣ್ಣು ಕೆಂಪಾಗಿತ್ತು. "ಬೆಳಕು ಹಂಗೇ ಬತ್ತದೆ" ಎಂದು ಅಣ್ಣನಿಗೆ ಹೇಳಿದರು.

ಹಗೇವಿನ ಚಪ್ಪಡಿ ಎಬ್ಬಿಸಿ ಕಲ್ಲು ಮಣ್ಣು ತುಂಬಿಸಿದ ಮೇಲೆಯೇ ನಾವು ಹಾಲು ಉಕ್ಕಿಸಿದ್ದು. ಅದಕ್ಕೆ ಎರಡು ಟ್ರಾಕ್ಟರ್ ಮಣ್ಣು ಹಿಡಿಯಿತು. ಒಂದೆರಡು ವರ್ಷದಲ್ಲಿ ಸಾಹೇಬರು ತೀರಿಕೊಂಡರು. ಅವರ ಹೆಂಡತಿ ಆ ಟೇಪನ್ನು ನನಗೆ ಕೊಟ್ಟರು. ಶಾಲೆಯಲ್ಲಿ ಯಾರಾದರೂ ಸೈಟು ನೋಡಲು, ಮನೆ ನೋಡಲು ಹೊರಟರೆ ಈಗ ನಾನೂ ಜೊತೆಗೆ ಹೋಗುತ್ತೇನೆ. ಕಿರಿಯ ಟೀಚರುಗಳು ನಗುತ್ತಾರೆ, ಆದರೂ ಕರೆಯುತ್ತಾರೆ.

ಕೋಡಿಹಳ್ಳಿಯವರು ಪ್ರತಿವರ್ಷ ಗೌರಿ ಹಬ್ಬಕ್ಕೆ ಅಣ್ಣನ ಮನೆಗೆ ಬರುತ್ತಾರೆ. ಮಿಲ್ಲಿನ ಮೇಲಿನ ಆ ಮನೆಗೆ ಹೋಗುವ ಮುಂಚೆ ನಮ್ಮಲ್ಲಿ ಬಂದು ಕೂರುತ್ತಾರೆ. ಅಮ್ಮ ಅರಿಶಿನ ಕುಂಕುಮ ಕೊಡುತ್ತಾಳೆ. ಇಬ್ಬರೂ ಮಂಡಿನೋವಿನ ಎಣ್ಣೆಯ ವಿಷಯ ಮಾತಾಡುತ್ತಾರೆ. ಹೋದ ವರ್ಷ ಬಂದವರು ಜಗಲಿಯ ಮೇಲೆ ಕೂತಲ್ಲೇ ಕಂಬಕ್ಕೆ ಒರಗಿ ಹಾಗೇ ನಿದ್ದೆ ಹೋಗಿಬಿಟ್ಟರು. ಅಮ್ಮ ಎಬ್ಬಿಸಲು ಬಿಡಲಿಲ್ಲ. ಅಣ್ಣನೇ ಹುಡುಕಿಕೊಂಡು ಬಂದರು. ತಂಗಿ ಮಲಗಿದ್ದನ್ನು ನೋಡಿ, ಚಪ್ಪಲಿ ಬಿಟ್ಟು, ಅವಳು ಏಳುವವರೆಗೂ ಪಕ್ಕದಲ್ಲಿ ಸುಮ್ಮನೆ ಕಾಯುತ್ತಾ ಕೂತರು.