ಅರ್ಧ ಮಾತಿಗೇ ಟಿಕೆಟ್ ಹರಿಯುತ್ತಿದ್ದ ತಾತ

ನನ್ನ ತಂಗಿಯ ಮಗಳಿಗೆ ಮಾತು ತಡವರಿಸುತ್ತದೆ. ಹುಟ್ಟಿದಾಗ ತೀರಾ ಸಣ್ಣಗಿದ್ದಳೆಂದು ಮನೆಯಲ್ಲಿ ಅವಳಿಗೆ ಜೀರಿಗೆ ಎಂದೇ ಹೆಸರು. ಶಾಲೆಯ ನಾಟಕದಲ್ಲಿ ಜೀರಿಗೆಗೆ ಮರದ ಪಾತ್ರ ಕೊಟ್ಟರು. ಮರಕ್ಕೆ ಮಾತಿಲ್ಲವಲ್ಲ, ಅನುಕೂಲವಾಯಿತು. ತಂಗಿ ಹೋಗಿ ಕೇಳಿದ್ದಕ್ಕೆ ಟೀಚರು, “ನಾವು ಯಾರನ್ನೂ ಬಿಟ್ಟಿಲ್ಲ ನೋಡಿ, ಎಲ್ಲರನ್ನೂ ಒಳಗೊಂಡಿದ್ದೀವಿ” ಎಂದರಂತೆ. ‘ಒಳಗೊಳ್ಳುವಿಕೆ’ ಎಂಬ ಮಾರುದ್ದದ ಪದವನ್ನು ಆ ಶಾಲೆಯ ಗೋಡೆಯ ಮೇಲೆ ಬಣ್ಣಬಣ್ಣವಾಗಿ ಬರೆಸಿದ್ದಾರೆ. ಅದರ ಕೆಳಗೇ ಮಗುವಿನ ಮೈಗೆ ರಟ್ಟಿನ ಎಲೆ ಅಂಟಿಸಿ ನಿಲ್ಲಿಸಿದರು. ಆಮೇಲೆ ಜೀರಿಗೆ ಮನೆಯ ಹೊರಗೆ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು.

ಅವಳು ಮತ್ತೆ ಬಾಯಿ ತೆರೆದದ್ದು ನಮ್ಮ ಬೀದಿಯ ಗ್ರಂಥಾಲಯದಲ್ಲಿ, ಮಕ್ಕಳ ಕೋಣೆಯಲ್ಲಿ. ಆ ಕೋಣೆಗೆ ಇರುವುದು ಒಂದೇ ಕಿಟಕಿ. ಅದರಾಚೆ ಸೈಕಲ್ ಸ್ಟ್ಯಾಂಡು. ಕುಳಿತುಕೊಳ್ಳಲು ಮಾಸಿದ ಚಾಪೆ. ಶನಿವಾರ ಸಂಜೆ ಅಲ್ಲಿ ಕಥೆ ಓದುವವರು ಕಂಡಕ್ಟರ್ ತಾತ.

ಹೆಸರೇ ಹೇಳುವಂತೆ ಅವರು ಬಸ್ ಕಂಡಕ್ಟರಾಗಿದ್ದವರು. ನಿವೃತ್ತಿಯಾದ ಮೇಲೆ ಪೇಪರ್ ಓದಲು ಗ್ರಂಥಾಲಯಕ್ಕೆ ಬರುತ್ತಿದ್ದರು. ಮನೆಯಲ್ಲಿ ಸೊಸೆಯ ಹೊಲಿಗೆ ಯಂತ್ರದ ಸದ್ದು, ಅದಕ್ಕೆ. ಇಲ್ಲಿ ನೋಡಿದರೆ ಮಕ್ಕಳ ಗಲಾಟೆ ಅದನ್ನೂ ಮೀರಿಸುವಂತಿತ್ತು. ಒಂದು ದಿನ ಗ್ರಂಥಪಾಲಕಿ ತಲೆ ಹಿಡಿದುಕೊಂಡು ಕುಳಿತಿದ್ದಾಗ ಇವರು ಪೇಪರ್ ಮಡಚಿಟ್ಟು ಒಳಗೆ ಹೋಗಿ, “ಎಲ್ಲಾ ಮುಂದೆ ಹೋಗಿ, ಮುಂದೆ ಜಾಗ ಇದೆ” ಎಂದರು. ಮಕ್ಕಳು ತೆಪ್ಪಗೆ ಮುಂದೆ ಸರಿದು ಕುಳಿತವು. ಕೂರಿಸಿದ ಮೇಲೆ ಏನಾದರೂ ಮಾಡಬೇಕಲ್ಲ, ಕೈಗೆ ಸಿಕ್ಕ ಪುಸ್ತಕ ತೆಗೆದು ಓದಿದರು. ಅಲ್ಲಿಂದ ಶುರು.

ಈಗಲೂ ನಿಂತೇ ಓದುತ್ತಾರೆ, ಒಂದು ಕೈಯಲ್ಲಿ ಕಪಾಟು ಹಿಡಿದು. ಅಲುಗಾಡದ ನೆಲದ ಮೇಲೆ ನಿಲ್ಲುವುದು ಇನ್ನೂ ಅಭ್ಯಾಸವಾಗಿಲ್ಲವಂತೆ. ಅವರು ಒಂದು ಪುಟ ಓದಿದರೆ ಮುಂದಿನದು ಮಕ್ಕಳದು, ಬೇಕಾದವರು ಓದಬಹುದು. ಯಾರನ್ನೂ ಎಬ್ಬಿಸಿ ನಿಲ್ಲಿಸುವುದಿಲ್ಲ. ಹಾಗಾಗಿಯೇ ಒಂದು ಸಂಜೆ ಜೀರಿಗೆ ತಾನಾಗಿ ಕೈ ಚಾಚಿ ಪುಸ್ತಕ ಕೇಳಿದಳು. ಎರಡು ಸಾಲು ಓದಿ ಕೊಟ್ಟಳು. ತಂಗಿ ಫೋನಿನಲ್ಲಿ ಅದನ್ನು ಹೇಳುವಾಗ ಅವಳ ಮಾತೂ ತಡವರಿಸುತ್ತಿತ್ತು.

ಆದರೆ ತಾತನಿಗೊಂದು ಕಸುಬಿನ ಚಾಳಿ. ನೂಕುನುಗ್ಗಲಿನ ಬಸ್ಸಿನಲ್ಲಿ ಪ್ರಯಾಣಿಕರು “ಮಾ...” ಎನ್ನುವುದರೊಳಗೆ “ಮಾರ್ಕೆಟ್ಟಾ?” ಎಂದು ಟಿಕೆಟ್ ಹರಿದು ಕೊಟ್ಟವರು. ಪೂರ್ತಿ ಮಾತಿಗೆ ಕಾಯುತ್ತಾ ನಿಂತರೆ ಅರ್ಧ ಬಸ್ಸಿಗೆ ಟಿಕೆಟ್ಟೇ ಇಲ್ಲ. ಒಂದು ಶನಿವಾರ ಅವರು ತಂದಿದ್ದು ಸಿಟ್ಟು ಬಂದು ಬಟ್ಟೆ ಬೀರುವಿನೊಳಗೆ ಹೋಗಿ ಕುಳಿತ ಹುಡುಗಿಯ ಕಥೆ. ಜೀರಿಗೆಯ ಪುಟಕ್ಕೆ ಬಂತು. “ನನಗೆ ಸಿ... ಸಿ...” ಎಂದು ಅವಳು ಎಳೆಯುತ್ತಿದ್ದಾಗ ತಾತನ ಬಾಯಿಂದ ತಟ್ಟನೆ ಬಂದದ್ದು: “ಸಿನಿಮಾ ಸ್ಟಾಪಾ?”

ಮಕ್ಕಳು ಬಿದ್ದು ಬಿದ್ದು ನಕ್ಕವು. ತಾತನೂ ನಕ್ಕರು. ಜೀರಿಗೆ ಪುಸ್ತಕ ಮುಚ್ಚಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಇದ್ದ ಒಂದು ಬಾಗಿಲೂ ಮುಚ್ಚಿತೆಂದೇ ನಾವು ತಿಳಿದೆವು.

ತಾತ ಜೀರಿಗೆಯ ಮನೆಗೇ ಬಂದರು. ನಾನೂ ಅವತ್ತು ಅಲ್ಲಿದ್ದೆ. ಒಳಗೆ ಬನ್ನಿ ಎಂದರೂ ಬಾರದೆ ಹೊಸ್ತಿಲಾಚೆಯ ಮೆಟ್ಟಿಲ ಮೇಲೆ ಕುಳಿತರು.

“ಬರಲ್ಲ ಅಂತಾಳೆ ತಾತ,” ಎಂದಳು ತಂಗಿ.

“ಕರ್ಕೊಂಡ್ ಹೋಗಕ್ಕೆ ಬಂದಿಲ್ಲ ತಾಯಿ. ಅವಳ ಪುಟ ಅರ್ಧಕ್ಕೇ ನಿಂತಿದೆ. ನನ್ನಿಂದಾನೇ ನಿಂತಿದ್ದು.”

ಜೀರಿಗೆ ಬಾಗಿಲ ಹಿಂದಿನಿಂದ ಇಣುಕಿದಳು.

“ಅವತ್ತು ನೀನೇನೋ ಹೇಳ್ತಿದ್ದೆ ಮರಿ. ನಾನು ಮಧ್ಯ ಬಾಯಿ ಹಾಕ್ದೆ. ಈಗ ಹೇಳು.”

“ಸಿ... ಸಿ...”

ತಂಗಿ ಬಾಯಿ ತೆರೆದಳು. ತಾತ ಅಂಗೈ ಎತ್ತಿ ತಡೆದರು. ಒಳಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಸುರ್ ಎಂದಿತು. ಯಾರೂ ಏಳಲಿಲ್ಲ.

“ಸಿ... ಸಿಟ್ಟು,” ಎಂದಳು ಜೀರಿಗೆ.

“ಯಾರ ಮೇಲೆ?”

“ನಿ... ನಿನ್ ಮೇಲೆ.”

“ಎಷ್ಟು?”

“ತುಂ... ತುಂಬಾ.”

“ಬರಬೇಕಾದ್ದೇ. ಹಾಗೇ ಇರಲಿ,” ಎಂದು ತಾತ ಮೊಣಕಾಲು ಹಿಡಿದು ಎದ್ದರು. “ಸಿಟ್ಟು ಇದ್ರೂ ಬರಬಹುದು, ಇಲ್ದಿದ್ರೂ ಬರಬಹುದು. ತಾಯಿ, ಹಾಲು ನೋಡಿ, ತಳ ಹತ್ತಿರತ್ತೆ.”

ನನಗೆ ಮಕ್ಕಳ ಪುಸ್ತಕ ಬರೆಯುವವರ ಮೇಲೆ ಒಂದು ತಕರಾರಿದೆ, ಇಲ್ಲೇ ಹೇಳಿಬಿಡುತ್ತೇನೆ. ಭಿನ್ನವಾಗಿರುವ ಮಕ್ಕಳ ಬಗ್ಗೆ ಈಗ ರಾಶಿ ರಾಶಿ ಪುಸ್ತಕ ಬರುತ್ತಿವೆ, ಒಳ್ಳೆಯದೇ. ಆದರೆ ಅವುಗಳಲ್ಲಿ ಕುಂಟುವ ಹುಡುಗ ಕೊನೆಯ ಪುಟದಲ್ಲಿ ಓಟ ಗೆಲ್ಲುತ್ತಾನೆ. ಉಗ್ಗುವ ಹುಡುಗಿ ಭಾಷಣ ಮಾಡಿ ಕಪ್ಪು ಹೊಡೆಯುತ್ತಾಳೆ. ಗೆಲ್ಲದಿದ್ದರೆ? ಕಪ್ಪು ತಂದವರನ್ನು ಮಾತ್ರ ನಮ್ಮವರೆನ್ನುವುದಾದರೆ ಅದು ಮರದ ಪಾತ್ರಕ್ಕಿಂತ ಹೇಗೆ ಮೇಲು? ಇದನ್ನೆಲ್ಲ ತಾತನ ಮುಂದೆ ಕೂಗಾಡಿದೆ. ಅವರು ತಣ್ಣಗೆ, “ಬಸ್ಸಲ್ಲಿ ಕೂರಕ್ಕೆ ಯಾರಾದ್ರೂ ಪರೀಕ್ಷೆ ಬರೀತಾರೇನಪ್ಪ?” ಎಂದು ಕೇಳಿ ಕನ್ನಡಕ ಒರೆಸಿಕೊಂಡರು.

ಜೀರಿಗೆ ಮತ್ತೆ ಹೋದಳು. ಮೊದಲ ದಿನ ಬಾಗಿಲ ಬಳಿಯೇ ಕುಳಿತು ಸಿಟ್ಟಿನ ಮುಖದಲ್ಲೇ ಕಥೆ ಕೇಳಿ ಬಂದಳು. ಯಾರೂ ಪುಸಲಾಯಿಸಲಿಲ್ಲ. ಅದಾಗಿ ಕೆಲವು ವಾರಗಳಿಗೆ ಪುಸ್ತಕ ಕೇಳಿ ತೆಗೆದುಕೊಂಡಳು. ಅವತ್ತು ಅವಳನ್ನು ಕರೆತರಲು ಹೋದ ನಾನು ಕಿಟಕಿಯಾಚೆ ಸೈಕಲ್‌ಗಳ ನಡುವೆ ನಿಂತಿದ್ದೆ. ಅವಳ ಮಾತು ಈಗಲೂ ತಡವರಿಸುತ್ತದೆ, ನಾಳೆಯೂ ತಡವರಿಸಬಹುದು. ಒಂದು ಪದದಲ್ಲಿ ಸಿಕ್ಕಿಕೊಂಡಾಗ ಪಕ್ಕದ ಹುಡುಗಿ ಹೇಳಿಕೊಡಲು ಬಂದಳು. “ನೀನು ಸು... ಸುಮ್ನಿರು, ನಂಗ್ ಗೊತ್ತು,” ಎಂದಳು ಜೀರಿಗೆ, ಒಳ್ಳೆ ಜಗಳಗಂಟಿಯ ಹಾಗೆ. ಅಷ್ಟು ಜನರ ಮುಂದೆ ಅವಳು ಜಗಳಕ್ಕೆ ನಿಂತದ್ದನ್ನು ನೋಡಿ ನನಗೆ ಹೊಟ್ಟೆ ತಂಪಾಯಿತು.

ತಾತ ಕಪಾಟಿನಿಂದ ಕೈ ತೆಗೆದಿದ್ದರು. ಅವಳು ಪುಟ ಮುಗಿಸುವವರೆಗೂ ಆ ಕೈಯನ್ನು ತಮ್ಮ ಬಾಯಿಗೆ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೇ ನಿಂತಿದ್ದರು.